ಮೇ ಸೂಟಿಯಾಗ ಆರು ಮಂದಿ, ಒಂದ ಗಾಡಿ: ಯುರೋಪ್ ರಸ್ತೆ ಪ್ರವಾಸದ ಪ್ಲ್ಯಾನ್ ನೋಡಿ ತಪ್ಪಿದ್ರ ಹೇಳ್ರಿ

ಉಣಕಲ್_ಕೆರಿ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರಿ. ಸಾಲಿ ಸೂಟಿ ಬಿಟ್ಟಾಗ ಮೇ ತಿಂಗಳದಾಗ ಯುರೋಪಿನ್ಯಾಗ ಬಾಡಗಿ ಗಾಡಿ ತೊಗೊಂಡು ಅಡ್ಡಾಡೂ ವಿಚಾರ ಐತಿ. ನಾವಿಬ್ರು, ಅಪ್ಪಾಜಿ (72), ಅವ್ವ (67, ಮೊಣಕಾಲ ನೋವು), ಮಗಳು 10, ಮಗ 5. ಒಟ್ಟು 14 ರಾತ್ರಿ. ಗಾಡಿ ಹೊಡಿಯಾವ್ರು ನಾನು ಮತ್ತ ನಮ್ಮ ಮನಿಯವ್ರು, ಇಬ್ಬರದೂ ಲೈಸನ್ಸ್ ಹತ್ತು ವರ್ಷದ ಮ್ಯಾಲಿನವು.

ಈಗ ಬರಕೊಂಡಿರೂ ದಾರಿ: ಆಮ್‌ಸ್ಟರ್‌ಡ್ಯಾಂ, ಪ್ಯಾರಿಸ್, ಝ್ಯೂರಿಕ್, ರೋಮ್, ವೆನಿಸ್, ಮ್ಯೂನಿಕ್, ವಾಪಸ್ ಆಮ್‌ಸ್ಟರ್‌ಡ್ಯಾಂ.

ಕೇಳೂದು ಇಷ್ಟ. ಇದು ಆಗೂ ಮಾತನ? ವೀಸಾ ಯಾವ ದೇಶದ್ದು ಹಾಕಬೇಕು? ನಮ್ಮ ಲೈಸನ್ಸ್ ನಡೀತೈತೋ ಏನ್ ಬ್ಯಾರೆ ಕಾಗದ ಬೇಕೋ? ಆರು ಮಂದಿಗೆ ಎಂಥಾ ಗಾಡಿ? ಆಮ್ಯಾಲೆ ಅವ್ವ ಹೊರಗಿನ ಊಟ ಭಾಳ ಮಾಡೂದಿಲ್ಲ. ಕಟಕ ರೊಟ್ಟಿ, ಚಟ್ನಿಪುಡಿ, ತುಪ್ಪ, ಅಲ್ಲಿ ಪರಿಚಯದವ್ರಿಗೆ ಕೊಡಾಕ ಪೇಢೆ, ಇವನ್ನ ಒಯ್ಯಬಹುದನ?

ಸಪ್ತಾಪುರ_ಭಾವಿ (ಧಾರವಾಡ)

ಮೊದಲ ದಾರಿ ಬಗ್ಗೆ ಹೇಳ್ತೀನ್ರಿ, ಯಾಕಂದ್ರ ಉಳದದ್ದೆಲ್ಲಾ ಅದರ ಮ್ಯಾಲೆ ನಿಂತದ.

ನೀವು ಬರದಿದ್ದನ್ನ ಕೂಡಿಸಿ ನೋಡ್ರಿ. ಆಮ್‌ಸ್ಟರ್‌ಡ್ಯಾಂ–ಪ್ಯಾರಿಸ್ 510 ಕಿ.ಮೀ., ಪ್ಯಾರಿಸ್–ಝ್ಯೂರಿಕ್ 650, ಝ್ಯೂರಿಕ್–ರೋಮ್ 850, ರೋಮ್–ವೆನಿಸ್ 530, ವೆನಿಸ್–ಮ್ಯೂನಿಕ್ 540, ಮ್ಯೂನಿಕ್–ಆಮ್‌ಸ್ಟರ್‌ಡ್ಯಾಂ 830. ಹೆಚ್ಚುಕಡಿಮಿ 3,900 ಕಿ.ಮೀ. ಆರು ಇಡೀ ದಿನ ಗಾಡಿ ಒಳಗ ಹೋಗ್ತಾವ, ಅದರಾಗ ನೋಡೂವಂಥ ರಸ್ತೆ ಅರ್ಧಾನೂ ಇಲ್ಲ. ಅಷ್ಟ ಅಲ್ಲ, ಆಮ್‌ಸ್ಟರ್‌ಡ್ಯಾಂ, ಪ್ಯಾರಿಸ್, ರೋಮ್ ಈ ಮೂರೂ ಊರೊಳಗ ಗಾಡಿ ಅಂದ್ರ ಬರೇ ಹೊರಿ. ಪಾರ್ಕಿಂಗಿಗೆ ರೊಕ್ಕ ಕೊಟ್ಟು ಮೆಟ್ರೋದಾಗ ಅಡ್ಡಾಡಬೇಕು. ಗಾಡಿ ತೊಗೊಳ್ಳೂದು ರೈಲು ಹೋಗದ ಕಡೆ ಹೋಗಲಿಕ್ಕೆ, ಬೇಕಾದಲ್ಲೆ ನಿಲ್ಲಿಸಲಿಕ್ಕೆ. ಅದಕ್ಕ ಆಲ್ಪ್ಸ್ ಸುತ್ತ ಒಂದು ಸಣ್ಣ ಉಂಗುರ ಹಾಕ್ರಿ. ಗಾಡಿ ಎಲ್ಲೆ ತೊಗೋತೀರೋ ಅಲ್ಲೇ ಬಿಡೂಹಂಗ ಇರಲಿ. ಒಂದು ದೇಶದಾಗ ತೊಗೊಂಡು ಇನ್ನೊಂದರಾಗ ಬಿಟ್ರ ಒನ್‌ವೇ ಚಾರ್ಜು ಕೆಲವು ಸಲ ಬಾಡಿಗಿನ್ನೂ ಮೀರಸ್ತದ.

ನನ್ನ ಸೂಚನಾ ಹಿಂಗ:

ಮ್ಯೂನಿಕ್ 1 ರಾತ್ರಿ, ಸಾಲ್ಜ್‌ಬರ್ಗ್ 3, ಬೊಲ್ಝಾನೊ 2, ವೆರೋನಾ 3, ಲೂಸರ್ನ್ 3, ಫ್ಯೂಸೆನ್ 1, ಮತ್ತ ಮ್ಯೂನಿಕ್ 1. ಜರ್ಮನಿ, ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್, ನಡುವ ಲಿಖ್ಟೆನ್‌ಸ್ಟೈನ್. ಐದು ದೇಶ, ಒಟ್ಟು ಓಟ 1,600 ಕಿ.ಮೀ. ಆಸುಪಾಸು. ವೆರೋನಾದಿಂದ ಲೂಸರ್ನ್ ಒಂದ ದೂರದ ದಿನ (ಸುಮಾರು 420), ಉಳದದ್ದೆಲ್ಲಾ 300ರ ಒಳಗ.

ಬೆಂಗಳೂರಿಂದ ಮ್ಯೂನಿಕ್‌ಗೆ ನೇರ ವಿಮಾನ ಅದ. ಆದ್ರ ಇಳಿದ ದಿನ ಸ್ಟೇರಿಂಗ್ ಹಿಡೀಬ್ಯಾಡ್ರಿ. ಹುಬ್ಬಳ್ಳಿಯಿಂದ ಬೆಂಗಳೂರು ಒಂದು ರಾತ್ರಿ, ವಿಮಾನದಾಗ ಇನ್ನೊಂದು ರಾತ್ರಿ, ಎರಡೂ ಸೇರಿದ ಮ್ಯಾಲೆ ಎದುರು ಬದಿ ಟ್ರಾಫಿಕ್ಕಿನಾಗ ಇಳಿಯೂದು ಛಲೊ ಅಲ್ಲ. ಆ ದಿನ ರೈಲಿನಾಗ ಊರಿಗೆ ಹೋಗಿ ಮಲ್ಕೊಂಡು, ಮರುದಿನ ಮುಂಜಾನೆ ಗಾಡಿ ತೊಗೊಳ್ರಿ. ಒಂದು ದಿನದ ಬಾಡಿಗೀನೂ ಉಳೀತದ.

ವೆನಿಸ್‌ಗೆ ಗಾಡಿ ಒಯ್ಯಬ್ಯಾಡ್ರಿ. ವೆರೋನಾದಾಗ ನಿಲ್ಲಿಸಿ ರೈಲಿನಾಗ ಹೋದ್ರ ಒಂದೂಕಾಲು ತಾಸು. ಅಲ್ಲೆ ರಾತ್ರಿ ಉಳಿಯದ ಮಂದಿಗೆ ವಸಂತ-ಬ್ಯಾಸಗಿಯ ಕೆಲವು ನಿಗದಿತ ದಿನ ಮುಂಜಾನೆ 8:30ರಿಂದ ಸಂಜೆ 4ರ ತನಕ ಪ್ರವೇಶ ಶುಲ್ಕ ಅದ. 2025ರಾಗ ಮುಂಚೆ ಬುಕ್ ಮಾಡಿದ್ರ 5 ಯೂರೋ, ಕಡೀ ಗಳಿಗಿಗೆ ಮಾಡಿದ್ರ 10 ಇತ್ತು. ಹೋಗೂ ವರ್ಷದ ದಿನಾಂಕ ನೋಡಿ ಆ ದಿನ ತಪ್ಪಸ್ರಿ.

ಮೇ ತಿಂಗಳ ಅಂದ್ರಿ, ಅದೂ ಒಂದು ಮಾತು. ನಮ್ಮಲ್ಲೆ ಕಡು ಬ್ಯಾಸಗಿ, ಅಲ್ಲೆ ಎತ್ತರದ ಘಟ್ಟದ ಮ್ಯಾಲೆ ಇನ್ನೂ ಹಿಮ. 2,757 ಮೀ. ಎತ್ತರದ ಸ್ಟೆಲ್ವಿಯೊ, ಸ್ವಿಟ್ಜರ್ಲೆಂಡಿನ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಇವು ಸಾಮಾನ್ಯವಾಗಿ ಮೇ ಕಡೀಗೆ ಇಲ್ಲಾ ಜೂನಿನಾಗ ತೆರೀತಾವ. ಡೊಲೊಮೈಟ್ ಕಡೆ ಭಾಳಷ್ಟು ರೋಪ್‌ವೇ ಚಳಿಗಾಲದ ಸೀಸನ್ ಮುಗಿಸಿ ಜೂನ್ ತನಕ ಬಂದ್. ಫೋಟೋ ನೋಡಿ ಘಟ್ಟದ ರಸ್ತೆ ಪ್ಲ್ಯಾನ್ ಮಾಡ್ಕೊಂಡು ಹೋದ್ರ ಗೇಟಿನ ಮುಂದ ತಿರುಗಬೇಕಾಗ್ತದ. ಮೇದಾಗ ಸುರಂಗ ಮತ್ತ ಕಣಿವಿ ರಸ್ತೆ ನಂಬಿ ಪ್ಲ್ಯಾನ್ ಮಾಡ್ರಿ.

ಮತ್ತ ಆ ತಿಂಗಳದಾಗ ಅಲ್ಲಿಯವರಿಗೂ ರಜಾ ಅವ. ಈಸ್ಟರ್ ಆಗಿ 39ನೇ ದಿನ, ಅದು ಯಾವಾಗಲೂ ಗುರುವಾರ, ಅಸೆನ್ಷನ್ ಅನ್ನೂ ಕ್ರಿಶ್ಚಿಯನ್ ಹಬ್ಬ. 50ನೇ ದಿನ ವಿಟ್ ಸೋಮವಾರ. ಈ ಎರಡರ ಹಿಂದ ಮುಂದ ಇಡೀ ದಕ್ಷಿಣ ಜರ್ಮನಿ ಇಟಲಿ ಕಡೆ ಹೊಂಡ್ತದ. ಆ ಬುಧವಾರ ಮತ್ತ ಶುಕ್ರವಾರ-ಶನಿವಾರ ಆಸ್ಟ್ರಿಯಾದಿಂದ ಇಟಲಿಗೆ ದಾಟೂ ಬ್ರೆನ್ನರ್ ಘಟ್ಟದ ರಸ್ತೆಗೆ ಬೀಳಬ್ಯಾಡ್ರಿ. ಬ್ರೆನ್ನರ್‌ದಾಗ ಲುವೆಗ್ ಸೇತುವಿ ಕೆಲಸ ನಡದದ. 2025ರ ಜನವರಿಯಿಂದ ಅಲ್ಲೆ ಸಾಮಾನ್ಯ ದಿನ ಒಂದೊಂದು ದಿಕ್ಕಿಗೆ ಒಂದ ಲೇನ್, ದಟ್ಟಣಿ ದಿನಕ್ಕಷ್ಟ ಎರಡು ಬಿಡ್ತಾರ. ಜಾಮ್ ಕಂಡು ಟೈರೋಲ್‌ದ ಹಳ್ಳಿ ರಸ್ತೆಗೆ ಇಳದ್ರ, ವಾರಾಂತ್ಯದಾಗ ಹೊರಗಿನ ಗಾಡಿಗೆ ಅಲ್ಲೆ ಪ್ರವೇಶನ ಇರೂದಿಲ್ಲ, ಪೊಲೀಸರು ತಿರುಗಿ ಕಳಸ್ತಾರ.

ಅವ್ವಾರ ಮೊಣಕಾಲಿನ ಸಲುವಾಗಿ: ಸಾಲ್ಜ್‌ಬರ್ಗ್ ಕೋಟೆಗೆ ಹಳಿ ಮ್ಯಾಲೆ ಎಳಿಯೂ ಫ್ಯುನಿಕ್ಯುಲರ್ ಅದ, ಹೋಗ್ಬಹುದು. ವೆರ್ಫೆನ್ ಐಸ್ ಗುಹಾ ಬ್ಯಾಡ, ಒಳಗ 700 ಮೆಟ್ಟಿಲು ಹತ್ತಬೇಕು. ಲೂಸರ್ನ್ ಕಡೆ ಪಿಲಾಟಸ್‌ಗೆ 1889ರ ಹಲ್ಲುಗಾಲಿ ರೈಲು, 48 ಪ್ರತಿಶತ ಏರು, ಕೂತಲ್ಲೇ ಮ್ಯಾಲೆ ಒಯ್ತದ. ಅದೂ ಋತುವಿನ ಮ್ಯಾಲೆ ನಡಿಯೂದು, ಸುರುವಾಗೂ ದಿನಾಂಕ ನೋಡ್ಕೊಳ್ರಿ. ಫ್ಯೂಸೆನ್ ಹತ್ರದ ನಾಯ್‌ಶ್ವಾನ್‌ಸ್ಟೈನ್ ಅರಮನಿ ಹೊರಗಿಂದ ನೋಡೂದ ಚಂದ. ಒಳಗ ಹೋದ್ರ ಹತ್ತೂದು ಇಳಿಯೂದು ಸೇರಿ 300ಕ್ಕೂ ಹೆಚ್ಚು ಮೆಟ್ಟಿಲು, ಮತ್ತ ಟಿಕೀಟಿನ ಮ್ಯಾಲೆ ಬರದ ನಿಮಿಷಕ್ಕ ಗೇಟಿನಾಗ ಇರಬೇಕು.

ಉಣಕಲ್_ಕೆರಿ (ಹುಬ್ಬಳ್ಳಿ)

ಸಪ್ತಾಪುರದವ್ರ, ಭಾಳ ಉಪಕಾರ ಆತ್ರಿ. ಪ್ಯಾರಿಸ್ ಬಿಡಾಕ ಮಗಳು ಒಪ್ಪೂದಿಲ್ಲ, ಅದನ್ನ ಮನಿಯಾಗ ನೋಡ್ಕೋತೀವಿ. ಈ ಹೊಸಾ ದಾರಿಗೆ ವೀಸಾ ಜರ್ಮನಿದ ಅಲ್ಲೇನ್ರಿ? ಇಳಿಯೂದು, ಹತ್ತೂದು ಎರಡೂ ಮ್ಯೂನಿಕ್.

ಸಪ್ತಾಪುರ_ಭಾವಿ (ಧಾರವಾಡ)

ಅಲ್ರಿ. ಇಳಿಯೂ ದೇಶ ನೋಡೂದಿಲ್ಲ, ರಾತ್ರಿ ಎಣಸ್ತಾರ. ನಾ ಬರದ ಪಟ್ಟಿಯಾಗ ಜರ್ಮನಿ 3, ಆಸ್ಟ್ರಿಯಾ 3, ಸ್ವಿಟ್ಜರ್ಲೆಂಡ್ 3, ಇಟಲಿ (ಬೊಲ್ಝಾನೊ, ವೆರೋನಾ) 5. ಅಂದ್ರ ಅರ್ಜಿ ಇಟಲಿಗೆ. ನಾಳೆ ನೀವು ಬೊಲ್ಝಾನೊದ ಎರಡು ರಾತ್ರಿ ಕಿತ್ತು ಬ್ಯಾರೆ ಬ್ಯಾರೆ ಕಡೆ ಹಂಚಿದ್ರ ಲೆಕ್ಕ ಬದಲಾಗ್ತದ. ಎರಡು ದೇಶ ಸಮ ಆದ್ರ ಅವುಗಳೊಳಗ ಮೊದಲು ಕಾಲಿಡೂದು ಯಾವುದೋ ಅದಕ್ಕ ಹಾಕಬೇಕು. ಅದಕ್ಕ ಮೊದಲು ದಾರಿ ಗಟ್ಟಿ ಮಾಡಿ, ಆಮ್ಯಾಲೆ ಅಪಾಯಿಂಟ್‌ಮೆಂಟ್ ತೊಗೊಳ್ರಿ. ಹೋಟೆಲ್ ಬುಕಿಂಗ್ ಒಂದು ಹೇಳೂದು, ಪ್ರವಾಸದ ಪಟ್ಟಿ ಇನ್ನೊಂದು ಹೇಳೂದು ಆದ್ರ ಅರ್ಜಿ ಅಲ್ಲೇ ಎಡವ್ತದ.

ಅರ್ಜಿ ಹಾಕಲಿಕ್ಕೆ ಪ್ರವಾಸಕ್ಕ ಆರು ತಿಂಗಳ ಮೊದಲಿಂದ 15 ದಿನ ಮೊದಲಿನ ತನಕ ಅವಕಾಶ. ಮೇ ಪ್ರವಾಸಕ್ಕ ಜನವರಿ-ಫೆಬ್ರುವರಿಯೊಳಗ ಮುಗಸ್ರಿ, ಮಾರ್ಚ್ ದಾಟಿದ್ರ ಬೆಂಗಳೂರಾಗ ಒಂದ ದಿನ ಆರು ಮಂದಿಗೆ ಸ್ಲಾಟ್ ಸಿಗೂದು ಕಠಿಣ. ನಿರ್ಧಾರಕ್ಕ ಸಾಮಾನ್ಯ 15 ದಿನ, ಹೆಚ್ಚಂದ್ರ 45. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12ರೊಳಗಿನ ಮಕ್ಕಳಿಗೆ 45, ಆರರೊಳಗಿನವ್ರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬ್ಯಾರೆ. ಬೆರಳಚ್ಚು 12 ತುಂಬಿದವರಿಗೆ ಮಾತ್ರ. ಐದು ವರ್ಷದೊಳಗ ಶೆಂಗೆನ್ (ಒಂದ ವೀಸಾದ ಮ್ಯಾಲೆ ಅಡ್ಡಾಡೂ ಯುರೋಪಿನ ದೇಶಗಳ ಗುಂಪು) ವೀಸಾಕ್ಕ ಕೊಟ್ಟಿದ್ರ ಅದ ನಡೀತದ. ಮಕ್ಕಳ ಅರ್ಜಿಗೆ ತಂದಿ-ತಾಯಿ ಇಬ್ಬರದೂ ಸಹಿ ಬೇಕು. ಪಾಸ್‌ಪೋರ್ಟು ವಾಪಸ್ ಬರೂ ದಿನದಿಂದ ಇನ್ನೂ ಮೂರು ತಿಂಗಳ ಇರಬೇಕು, ಹತ್ತು ವರ್ಷಕ್ಕಿಂತ ಹಳೇದಿರಬಾರದು. ಪ್ರವಾಸ ವಿಮಾ ಕನಿಷ್ಠ 30,000 ಯೂರೋದ್ದು. ಅಪ್ಪಾಜಿಯವ್ರಿಗೆ ಬಿಪಿ, ಶುಗರ್ ಇದ್ರ ವಿಮಾ ಫಾರ್ಮಿನಾಗ ಮುಚ್ಚಬ್ಯಾಡ್ರಿ, ಕ್ಲೇಮ್ ಬಂದಾಗ ಅದನ್ನ ಮೊದಲು ತೆಗೀತಾರ. ಗುಳಿಗಿ ಸ್ಟ್ರಿಪ್ಪಿನಾಗ ಇರಲಿ, ಡಬ್ಬಿಗೆ ಸುರುವಿಕೊಂಡು ಹೋಗಬ್ಯಾಡ್ರಿ, ಚೀಟಿ ಜೋಡಿ ಇರಲಿ.

ಗದಗ_ಬೆಟಗೇರಿ

ಗಾಡಿ, ಲೈಸನ್ಸ್, ರಸ್ತೆ ಕಾಯ್ದೆ ಇವುಗಳ ಬಗ್ಗೆ ನಾ ಬರೀತೇನಿ.

ಲೈಸನ್ಸ್: ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಐಡಿಪಿ ಅಂತಾರ, ಅದು ಬೇಕ ಬೇಕು. ಇಟಲಿ, ಆಸ್ಟ್ರಿಯಾದಾಗ ಪೊಲೀಸರು ಕೇಳತಾರ, ಬಾಡಗಿ ಕೌಂಟರಿನ್ಯಾಗೂ ಕೇಳತಾರ. ನಿಮ್ಮ ಲೈಸನ್ಸ್ ಯಾವ ಆರ್‌ಟಿಒ ಹದ್ದಿನ್ಯಾಗ ಐತಿ ನೋಡ್ಕೊಳ್ರಿ: ಧಾರವಾಡ ಕೆಎ-25, ಹುಬ್ಬಳ್ಳಿ ಕೆಎ-63, ನಮ್ಮ ಗದಗ ಕೆಎ-26, ಹಾವೇರಿ ಕೆಎ-27. ಪರಿವಾಹನ್ ಸಾರಥಿ ಸೈಟಿನ್ಯಾಗ ಫಾರ್ಮ್ 4ಎ ತುಂಬಿ, 1,000 ರೂಪಾಯಿ ಕಟ್ಟಿ, ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೀಟಿನ ಪ್ರತಿ ಹಚ್ಚಬೇಕು. ವರ್ಷದ ಮಟ ನಡೀತೈತಿ. ಇಬ್ಬರೂ ಹೊಡಿಯಾವ್ರಿದ್ರ ಇಬ್ಬರೂ ಮಾಡಸ್ರಿ. ಐಡಿಪಿ ಅಂದ್ರ ಬರೇ ಅನುವಾದ, ಮೂಲ ಕಾರ್ಡ್ ಇಲ್ಲದಿದ್ರ ಅದಕ್ಕ ಕಿಮ್ಮತ್ತಿಲ್ಲ. ಡಿಜಿಲಾಕರ್ ತೋರಿಸಿದ್ರ ಅಲ್ಲಿ ಯಾರೂ ಒಪ್ಪೂದಿಲ್ಲ.

ನಮ್ಮ ಕಡೆ ಎಲ್ಲಾರಿಗೂ ಎಡವೂ ಜಾಗಾ ಹೆಸರು. ಲೈಸನ್ಸಿನ್ಯಾಗ ಇನಿಶಿಯಲ್, ಪಾಸ್‌ಪೋರ್ಟಿನ್ಯಾಗ ಅಪ್ಪನ ಹೆಸರು ಬಿಡಿಸಿ ಬರದದ್ದು, ಕ್ರೆಡಿಟ್ ಕಾರ್ಡಿನ್ಯಾಗ ಅಡ್ಡಹೆಸರ ಇಲ್ಲ. ಮೂರೂ ಒಂದ ನಮೂನಿ ಇರಬೇಕು. ಹಳೀ ಪುಸ್ತಕದಂಥಾ ಲೈಸನ್ಸಿದ್ರ ಈಗ ಸ್ಮಾರ್ಟ್ ಕಾರ್ಡ್ ಮಾಡಸ್ರಿ, ಮಾಡಿಸೂವಾಗ ಹೆಸರೂ ಪಾಸ್‌ಪೋರ್ಟಿನಂಗ ತಿದ್ದಸ್ರಿ.

ಡಿಪಾಜಿಟ್ಟಿಗೆ ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡ ಬೇಕು. ಡೆಬಿಟ್ ಕಾರ್ಡ್, ಫಾರೆಕ್ಸ್ ಕಾರ್ಡ್ ಭಾಳ ಕಡೆ ನಡಿಯೂದಿಲ್ಲ, ನಡದ್ರೂ ದುಬಾರಿ ವಿಮಾ ಹಚ್ಚತಾರ. ಕಾರ್ಡಿನ ವಿದೇಶಿ ಬಳಕಿ ಚಾಲೂ ಮಾಡಿ, ಮಿತಿ ಏರಿಸಿಟ್ಟು ಹೋಗ್ರಿ. ಅವ್ರು ರೊಕ್ಕ ತೊಗೊಳ್ಳೂದಿಲ್ಲ, ತಡದಿಡತಾರ. ಅಷ್ಟು ಮಿತಿ ಪ್ರವಾಸ ಮುಗಿಯೂ ತನಕ ನಿಮ್ಮ ಕೈಗೆ ಸಿಗೂದಿಲ್ಲ. ಸಾದಾ ವಿಮಾದಾಗ ಗಾಲಿ, ಕಾಜು, ಗಾಡಿ ತಳ ಬರೂದಿಲ್ಲ. ಅಪಘಾತದಾಗ ಮೊದಲಿನ ಸಾವಿರ ಚಿಲ್ಲರ ಯೂರೋ ನಿಮ್ಮ ಮ್ಯಾಲೆ ಇರತೈತಿ. ಅದನ್ನ ಸೊನ್ನಿಗೆ ಇಳಿಸೂ ಪ್ಯಾಕೇಜ್ ಬುಕ್ ಮಾಡೂವಾಗನ ತೊಗೊಂಡ್ರ ಕೌಂಟರಿಗಿಂತ ಅಗ್ಗ.

ಇನ್ನ ಎಂಥಾ ಗಾಡಿ. ಆರು ಮಂದಿ ಅಂತ ಏಳು ಸೀಟಿಂದು ತೊಗೊಂಡ್ರಿ ಅಂದ್ರ ಕೆಟ್ಟಿರಿ. ಮೂರನೇ ಸಾಲು ಎಬ್ಬಿಸಿದ ಮ್ಯಾಲೆ ಹಿಂದ ಎರಡು ಸಣ್ಣ ಚೀಲಾನೂ ಹಿಡಿಯೂದಿಲ್ಲ. ಒಂಬತ್ತು ಸೀಟಿನ ವ್ಯಾನ್ ತೊಗೊಳ್ರಿ: ಫೋಕ್ಸ್‌ವ್ಯಾಗನ್ ಕ್ಯಾರವೆಲ್, ಮರ್ಸಿಡಿಸ್ ವೀಟೊ, ಫೋರ್ಡ್ ಟೂರ್ನಿಯೊ ಈ ಜಾತಿ. ಡ್ರೈವರ್ ಸೇರಿ ಒಂಬತ್ತರ ತನಕ ಕಾರಿನ ಲೈಸನ್ಸ್ ಸಾಕು. ಅವ್ವಾರಿಗೆ ಹತ್ತಾಕ ಪಾಯರಿ ಎತ್ತರ ಆಕ್ಕೈತಿ, ಸಣ್ಣದೊಂದು ಮಡಚೂ ಮಣಿ ಅಲ್ಲೇ ಕೊಂಡ್ರ ಕೆಲಸ ಆತು. ವ್ಯಾನಿನ ದೊಡ್ಡ ತೊಂದ್ರಿ ಎತ್ತರ, 1.97ರಿಂದ 2 ಮೀ. ಬರತೈತಿ. ಊರೊಳಗಿನ ಎಷ್ಟೋ ನೆಲಮಾಳಿಗಿ ಪಾರ್ಕಿಂಗಿನ ಬಾಗಲಾ 1.90ಕ್ಕ ಮುಗೀತೈತಿ. ಅದಕ್ಕ ಮನಿ ಬುಕ್ ಮಾಡೂವಾಗ 'ಪಾರ್ಕಿಂಗ್ ಐತಿ' ಅನ್ನೂದಷ್ಟ ನೋಡಬ್ಯಾಡ್ರಿ, ಬಯಲಿನ್ಯಾಗ ಐತನ, ಎತ್ತರ ಎಷ್ಟು ಅಂತ ಬರದು ಕೇಳ್ರಿ. ಗೇರ್ ಆಟೋಮ್ಯಾಟಿಕ್ ಬೇಕಂದ್ರ ಬುಕಿಂಗಿನ್ಯಾಗ ಆ ಶಬ್ದ ಇರಲೇಬೇಕು, ಇಲ್ಲದಿದ್ರ ಎಡಗೈ ಬಾಗಲದ ಹಿಡಕಿಗೆ, ಬಲಗೈ ಗೇರಿಗೆ ಅಂತ ಕಲೀಬೇಕಾಕ್ಕೈತಿ.

ಎರಡು ಸಣ್ಣ ಕಾರ್ ತೊಗೋಬಹುದು ಅಂತ ಯಾರರ ಹೇಳತಾರ. ಟೋಲ್, ವಿನ್ಯೆಟ್ (ಹೈವೇ ತೆರಿಗಿ), ಪಾರ್ಕಿಂಗ್ ಎಲ್ಲಾ ಡಬಲ್, ಮತ್ತ ಇಬ್ಬರೂ ಡ್ರೈವರ್ ದಿನಾ ದಣೀತಾರ. ಬ್ಯಾಡ.

ಮಕ್ಕಳ ಸೀಟ್: ಜರ್ಮನಿ, ಸ್ವಿಟ್ಜರ್ಲೆಂಡಿನ್ಯಾಗ 12 ವರ್ಷ ಇಲ್ಲಾ 150 ಸೆಂ.ಮೀ. ತನಕ, ಇಟಲಿಯಾಗ 150 ಸೆಂ.ಮೀ. ತನಕ, ಆಸ್ಟ್ರಿಯಾದಾಗ 14 ವರ್ಷ ಇಲ್ಲಾ 135 ಸೆಂ.ಮೀ. ತನಕ ಕಡ್ಡಾಯ. ಅಂದ್ರ ನಿಮ್ಮ 10 ವರ್ಷದ ಮಗಳಿಗೂ ಬೂಸ್ಟರ್ ಬೇಕು. ತೊಡಿ ಮ್ಯಾಲೆ ಕುಂದ್ರಸೂದು ನಡಿಯೂದಿಲ್ಲ. ಬಾಡಗಿ ಸೀಟಿಗೆ ದಿನದ ಲೆಕ್ಕ ಹಿಡದು ಭಾಳ ಬಿಲ್ ಆಕ್ಕೈತಿ. ಮನಿಯಾಗ ಇರೂ ಸೀಟಿನ ಹಿಂದ ಕಿತ್ತಳಿ ಬಣ್ಣದ ಚೀಟಿಯಾಗ 'ಆರ್44' ಇಲ್ಲಾ 'ಆರ್129' ಅಂತ ಸುರಕ್ಷತಾ ಮಾನದಂಡದ ಗುರುತು ಐತನ ನೋಡ್ರಿ, ಇದ್ರ ವಿಮಾನದಾಗ ಒಯ್ರಿ. ಬೂಸ್ಟರ್ ಅಂತೂ ಮ್ಯೂನಿಕ್‌ದಾಗನ ಕೊಂಡ್ರ ಬಾಡಗಿಗಿಂತ ಅಗ್ಗ.

ವಿನ್ಯೆಟ್ ಅಂದ್ರ ಹೈವೇ ತೆರಿಗಿ. ಜರ್ಮನಿಯಾಗ ಕಾರಿಗಿಲ್ಲ. ಆಸ್ಟ್ರಿಯಾದಾಗ 10 ದಿನದ್ದು ಸಾಕು, 2025ರಾಗ 12.40 ಯೂರೋ ಇತ್ತು, ವರ್ಷಾ ವರ್ಷಾ ಚೂರು ಏರತೈತಿ. ಸ್ವಿಟ್ಜರ್ಲೆಂಡಿಂದು ವರ್ಷದ್ದಷ್ಟ, 40 ಫ್ರಾಂಕ್, ಒಂದ ದಿನ ಹೋದ್ರೂ ಅಷ್ಟ. ಎರಡೂ ಆನ್‌ಲೈನ್ ಸಿಗತಾವು, ನಂಬರ್ ಪ್ಲೇಟಿಗೆ ಕಟ್ಟಿಕೊಳ್ಳತಾವು. ಅದಕ್ಕ ಊರಾಗಿದ್ದಾಗ ಮುಂಗಡ ಕೊಳ್ಳಾಕ ಬರೂದಿಲ್ಲ, ಪ್ಲೇಟ್ ಯಾವುದಂತ ಗಾಡಿ ಕೈಗೆ ಬಂದ ಮ್ಯಾಲೆ ತಿಳೀತೈತಿ. ಕೌಂಟರಿನ ಮುಂದನ ನಿಂತು, ಆಸ್ಟ್ರಿಯಾದ್ದು ಅಸ್ಫಿನಾಗ್ ಆ್ಯಪಿನ್ಯಾಗ, ಸ್ವಿಸ್ಸಿಂದು ಅಲ್ಲಿನ ಕಸ್ಟಮ್ಸ್ ಇಲಾಖೆಯ ಸೈಟಿನ್ಯಾಗ ತೊಗೊಳ್ರಿ. ಹುಡುಕಿದಾಗ ಮೊದಲು ಬರೂ ಜಾಹೀರಾತಿನ ಸೈಟುಗಳು ದಲ್ಲಾಳಿಗಳವು, ಕಮಿಷನ್ ಸೇರಿಸತಾವು. ದೇಶದ ಜಾಗಾದಾಗ 'ಜರ್ಮನಿ' ಆರಿಸ್ರಿ, ಪ್ಲೇಟಿನ್ಯಾಗ 'ಓ' ಅಕ್ಷರನೋ ಸೊನ್ನಿನೋ ಎರಡ ಸಲ ನೋಡ್ರಿ. ಒಂದು ಅಕ್ಷರ ತಪ್ಪಿದ್ರ ಕ್ಯಾಮರಾಕ್ಕ ನೀವು ತೊಗೊಂಡೇ ಇಲ್ಲ. ಸ್ವಿಟ್ಜರ್ಲೆಂಡಿನ್ಯಾಗ ದಂಡ 200 ಫ್ರಾಂಕ್, ಮ್ಯಾಲೆ ವಿನ್ಯೆಟ್ ಬ್ಯಾರೆ.

ಎರಡು ಸೂಕ್ಷ್ಮ ಅದಾವು. ಇನ್ಸ್‌ಬ್ರುಕ್‌ನಿಂದ ಬ್ರೆನ್ನರ್ ಏರೂ ಎ13ಕ್ಕ ವಿನ್ಯೆಟ್ ಲೆಕ್ಕ ಇಲ್ಲ, ಬ್ಯಾರೆ ಟೋಲ್, ಸುಮಾರು 12 ಯೂರೋ. ಮತ್ತ ವಾಪಸ್ ಬರೂವಾಗ ಲೂಸರ್ನ್‌ನಿಂದ ಫ್ಯೂಸೆನ್‌ಗೆ ಮ್ಯಾಪ್ ನಿಮ್ಮನ್ನ ಫೆಲ್ಡ್‌ಕಿರ್ಖ್ ಮ್ಯಾಲೆ ಒಯ್ಯತೈತಿ. ಅಷ್ಟರಾಗ ನಿಮ್ಮ ಹತ್ತು ದಿನದ ವಿನ್ಯೆಟ್ ಮುಗದಿರತೈತಿ. ಅದರ ಬದಲಿ ಲಿಖ್ಟೆನ್‌ಸ್ಟೈನ್ ರಾಜಧಾನಿ ವಾದುಜ್ ನೋಡಿ ಮತ್ತ ಸ್ವಿಸ್ ಎ13ಕ್ಕ ಬಂದು (ಅದಕ್ಕ ರೊಕ್ಕ ಆಗಲೇ ಕೊಟ್ಟೀರಿ), ಡೀಪೊಲ್ಡ್‌ಸೌ ಹತ್ರ ದಾಟಿ ಹೊಹೆನೆಮ್ಸ್ ಮುಟ್ರಿ. ಅಲ್ಲಿಂದ ಜರ್ಮನ್ ಗಡಿ ತನಕ ಎ14 2019ರ ಡಿಸೆಂಬರಿಂದ ವಿನ್ಯೆಟ್ ಮುಕ್ತ. ಲಿಂಡೌ, ಆಮ್ಯಾಲೆ ಎ96, ಎ7, ಫ್ಯೂಸೆನ್. ಎರಡನೇ ವಿನ್ಯೆಟ್ ಬೇಕಾಗೂದಿಲ್ಲ.

ಇಟಲಿ ಟೋಲಿನ್ಯಾಗ ಒಳಗ ಹೋಗೂವಾಗ ಚೀಟಿ ಹಿರಕೊಳ್ರಿ, ಹೊರಗ ಬರೂವಾಗ ರೊಕ್ಕ. ಹಳದಿ ಟೆಲೆಪಾಸ್ (ನಮ್ಮ ಫಾಸ್ಟ್ಯಾಗ್ ಇದ್ದಂಗ) ಲೇನಿಗೆ ಬೀಳಬ್ಯಾಡ್ರಿ. ನೀಲಿ ಕಾರ್ಡಿಗೆ, ಕೈಯಾಗ ನಾಣ್ಯ ಇರೂ ಬಿಳಿ ಚಿತ್ರ ನಗದಿಗೆ. ತಪ್ಪಿ ಬಿದ್ರ ಹಿಂದ ಸರೀಬ್ಯಾಡ್ರಿ, ಗುಂಡಿ ಒತ್ತಿ ಚೀಟಿ ತೊಗೊಂಡು ಆಮ್ಯಾಲೆ ಕಟ್ರಿ. ಕೋಮೋ ಹತ್ರದ ಎ36 ಪೆಡೆಮಾಂಟಾನಾದಾಗ ಟೋಲ್ ಕಟ್ಟಿನ ಇಲ್ಲ, ಕ್ಯಾಮರಾ ಪ್ಲೇಟ್ ಓದತೈತಿ, 15 ದಿನದೊಳಗ ಆನ್‌ಲೈನ್ ಕಟ್ಟಬೇಕು. ಮ್ಯಾಪಿನ್ಯಾಗ ಅದು ಬಂದ್ರ ಎ9 ಹಿಡೀರಿ, ತಲಿಬ್ಯಾನಿ ತಪ್ಪತೈತಿ.

ಇಟಲಿಯೊಳಗ ಎಲ್ಲಾಕ್ಕಿಂತ ಹೆಚ್ಚು ದಂಡ ತಿನ್ನಸೂದು ಝೆಡ್‌ಟಿಎಲ್. ಹಳೀ ಪ್ಯಾಟಿಯೊಳಗ ಹೊರಗಿನ ಗಾಡಿಗೆ ಪ್ರವೇಶ ಇಲ್ಲದ ವಲಯ, ಕೆಂಪು ಅಂಚಿನ ಬಿಳಿ ಗುಂಡಗಿನ ಫಲಕ, ಮ್ಯಾಲೊಂದು ಕ್ಯಾಮರಾ. ಗೇಟಿಲ್ಲ, ಪೊಲೀಸಿಲ್ಲ, ದಾಟಿದ್ದು ನಿಮಗ ತಿಳಿಯೂದಿಲ್ಲ. ಒಂದೊಂದು ಸಲ ದಾಟಿದ್ದಕ್ಕೂ ಒಂದೊಂದು ದಂಡ. ಬಾಡಗಿ ಕಂಪನಿ ನಿಮ್ಮ ವಿಳಾಸ ಕೊಟ್ಟದ್ದಕ್ಕ ಮೊದಲು ತನ್ನ ಫೀ ಹಿರೀತೈತಿ, ತಿಂಗಳಾನುಗಟ್ಟಲೆ ಆದ ಮ್ಯಾಲೆ ಹುಬ್ಬಳ್ಳಿ ಮನಿಗೆ ಪತ್ರ ಬರತೈತಿ. ವೆರೋನಾದಾಗ ಮನಿ ಝೆಡ್‌ಟಿಎಲ್ ಹೊರಗ ಹುಡಕ್ರಿ. ಒಳಗ ಇದ್ರ ಮನಿ ಮಾಲಕರ ಕಡಿಂದ ನಿಮ್ಮ ಪ್ಲೇಟ್ ನಂಬರ್ ಮೊದಲ ನೋಂದಣಿ ಮಾಡಸ್ರಿ. ಪಾರ್ಕಿಂಗ್ ಗೆರಿ ಬಿಳಿ ಇದ್ರ ಪುಕ್ಕಟ, ನೀಲಿ ಇದ್ರ ರೊಕ್ಕ, ಹಳದಿ ಇದ್ರ ನಿಮ್ಮದಲ್ಲ.

ವೇಗದ ಮಿತಿ ಊರೊಳಗ ಎಲ್ಲಾ ಕಡೆ 50, ಹೈವೇದಾಗ ಆಸ್ಟ್ರಿಯಾ-ಇಟಲಿ 130, ಸ್ವಿಟ್ಜರ್ಲೆಂಡ್ 120. ಇಟಲಿಯಾಗ ಮಳಿ ಬಂದ್ರ 110. ಇನ್ಸ್‌ಬ್ರುಕ್ ಕಣಿವಿಯಾಗ ಹವಾ ಕೆಡಬಾರದಂತ ಫಲಕ 100 ತೋರಸತೈತಿ, ಅದು ಸಲಹಾ ಅಲ್ಲ, ಹುಕುಂ. ಸ್ವಿಟ್ಜರ್ಲೆಂಡಿನ್ಯಾಗ ಊರೊಳಗ 6ರಿಂದ 10 ಕಿ.ಮೀ. ಹೆಚ್ಚಾದ್ರ 120 ಫ್ರಾಂಕ್, 11ರಿಂದ 15 ಆದ್ರ 250. ಕ್ಯಾಮರಾ ಎಚ್ಚರಿಸೂ ಆ್ಯಪ್ ಅಲ್ಲಿ ಇಟ್ಕೊಳ್ಳೂದ ಗುನ್ಹೆ, ಗಡಿಗಿಂತ ಮೊದಲು ಆ ಸೌಲಭ್ಯ ಬಂದ್ ಮಾಡ್ರಿ.

ನಮ್ಮ ಕೈಗೆ ರೂಢಿ ಇಲ್ಲದವು ಇಷ್ಟು: ಫಲಕ ಇಲ್ಲದ ಕೂಡಿನ್ಯಾಗ ಬಲಗಡಿಂದ ಬರೂವಂಗ ಮೊದಲ ದಾರಿ, ಅವಾ ಸೈಕಲ್ ಇದ್ರೂ. ವರ್ತುಲದಾಗ ಒಳಗಿದ್ದವ್ರು ಮೊದಲು. ಹೈವೇದಾಗ ಬಲಗಡಿಂದ ಓವರ್‌ಟೇಕ್ ಇಲ್ಲ, ಓವರ್‌ಟೇಕ್ ಮುಗದ ಕೂಡಲೇ ಬಲ ಲೇನಿಗೆ ವಾಪಸ್. ಜಾಮ್ ಆಗಿ ಗಾಡಿ ನಿಂತಾಗ ಜರ್ಮನಿ, ಆಸ್ಟ್ರಿಯಾದಾಗ ಎಡ ಲೇನಿನವ್ರು ಪೂರ್ತಿ ಎಡಕ್ಕ, ಉಳದವ್ರು ಬಲಕ್ಕ ಸರದು ನಡುವ ಅಂಬುಲನ್ಸಿಗೆ ಓಣಿ ಬಿಡಬೇಕು. ಅಂಬುಲನ್ಸ್ ಕಂಡ ಮ್ಯಾಲೆ ಅಲ್ಲ, ಜಾಮ್ ಸುರುವಾದ ಕೂಡಲೇ.

ಘಟ್ಟ ಇಳಿಯೂದು ನಮಗ ಹೊಸಾದಲ್ಲ. ಅರಬೈಲ್ ಇಳದಂಗ ಸಣ್ಣ ಗೇರಿನ್ಯಾಗ ಇಳೀರಿ. ಆಟೋಮ್ಯಾಟಿಕ್ ಇದ್ರ ಕೈಯಿಂದ ಕೆಳಗಿನ ಗೇರ್ ಹಾಕ್ರಿ. ತುಂಬಿದ ವ್ಯಾನಿನ ಬ್ರೇಕ್ ಒತ್ತೇ ಹಿಡದ್ರ ವಾಸನಿ ಬರತೈತಿ, ಆಮ್ಯಾಲೆ ಹಿಡಿಯೂದಿಲ್ಲ.

ಎಣ್ಣಿ ಹಾಕೂದು ನೀವ. ವ್ಯಾನ್ ಹೆಚ್ಚಾಗಿ ಡೀಸಲ್. ಪೈಪಿನ ಬಣ್ಣ ದೇಶಕ್ಕೊಂದು ಇರತೈತಿ, ನಂಬಬ್ಯಾಡ್ರಿ. ಟ್ಯಾಂಕಿನ ಮುಚ್ಚಳದ ಮ್ಯಾಲೆ, ಪಂಪಿನ ಮ್ಯಾಲೆ ಒಂದ ಗುರುತು ಇರತೈತಿ: ಚೌಕದಾಗ 'ಬಿ7' ಅಂದ್ರ ಡೀಸಲ್, ಗುಂಡಗ 'ಇ5', 'ಇ10' ಅಂದ್ರ ಪೆಟ್ರೋಲ್. ಇಟಲಿಯಾಗ ಡೀಸಲ್‌ಗೆ 'ಗಾಸೋಲಿಯೊ' ಅಂತಾರ, ಅದನ್ನ ಗ್ಯಾಸೋಲಿನ್ ಅಂತ ಓದಿ ಮಂದಿ ತಪ್ಪತಾರ. ನೀಲಿ ಮುಚ್ಚಳದ ಆ್ಯಡ್‌ಬ್ಲೂ (ಡೀಸಲ್ ಹೊಗಿ ಶುದ್ಧ ಮಾಡೂ ದ್ರವ) ಬ್ಯಾರೆ ಟ್ಯಾಂಕ್, ಅದನ್ನ ಡೀಸಲ್ ಟ್ಯಾಂಕಿಗೆ ಹಾಕಿದ್ರ ಗಾಡಿ ಅಲ್ಲೇ ನಿಲ್ಲತೈತಿ, ವಿಮಾದ ರೊಕ್ಕಾನೂ ಬರೂದಿಲ್ಲ. ಹೈವೇ ಮ್ಯಾಗಿನ ಬಂಕ್ ದುಬಾರಿ, ಇಳದು ಊರ ಬಾಯಾಗ ಹಾಕಸ್ರಿ.

ಬ್ಯಾಡಗಿ_ಖಾರ (ಹಾವೇರಿ)

ಊಟದ ವಿಷಯ ಯಾರೂ ಮುಟ್ಟಿಲ್ಲ, ನಾನು ಬರೆಯುತ್ತೇನೆ.

ಪೇಢೆ ಮತ್ತು ತುಪ್ಪ ಬೇಡ. ಹೊರಗಿನ ದೇಶದ ಪ್ರಯಾಣಿಕರು ಮಾಂಸ ಹಾಗೂ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಸಿಹಿ ತಿನಿಸಿಗೆ ವಿನಾಯಿತಿ ಇದೆ, ಆದರೆ ಹಾಲು-ಮೊಟ್ಟೆಯ ಪಾಲು ಅರ್ಧಕ್ಕಿಂತ ಕಡಿಮೆ ಇದ್ದರೆ ಮಾತ್ರ. ಧಾರವಾಡ ಪೇಢೆ ಅಂದರೆ ಖವಾನೇ, ಲೆಕ್ಕದಲ್ಲಿ ಎಲ್ಲೂ ಕೂರುವುದಿಲ್ಲ. ಕೊಡಲಿಕ್ಕೆ ಕರದಂಟು ಒಯ್ಯಿರಿ: ಅಂಟು, ಬೆಲ್ಲ, ಒಣಹಣ್ಣು ಹೆಚ್ಚು, ತುಪ್ಪ ಕಡಿಮೆ. ಪದಾರ್ಥಗಳ ಹೆಸರು ಇಂಗ್ಲಿಷಿನಲ್ಲಿ ಅಚ್ಚಾದ ಸೀಲ್ ಮಾಡಿದ ಪ್ಯಾಕೆಟ್ಟೇ ಇರಲಿ.

ಹಸಿಮೆಣಸಿನಕಾಯಿ, ಕರಿಬೇವು, ನಿಂಬೆಹಣ್ಣು, ಮಾವಿನಹಣ್ಣು ಕೂಡ ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದ ತಾಜಾ ಕಾಯಿ-ಹಣ್ಣು-ಸೊಪ್ಪಿಗೆ ಪ್ರವೇಶವಿಲ್ಲ. ತೆಂಗಿನಕಾಯಿ, ಬಾಳೆಹಣ್ಣಿಗೆ ವಿನಾಯಿತಿ ಇದೆಯಾದರೂ ಅವು ಅಲ್ಲೂ ಸಿಗುತ್ತವೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಖಾರಪುಡಿ, ಮಸಾಲೆ, ಅವಲಕ್ಕಿ, ಬೇಳೆ ಇವೆಲ್ಲ ನಡೆಯುತ್ತವೆ. ರೊಟ್ಟಿಯನ್ನು ಅಗಲ ಸ್ಟೀಲ್ ಡಬ್ಬಿಯಲ್ಲಿ, ಮೇಲೆ-ಕೆಳಗೆ ಹತ್ತಿಯ ಅರಿವೆ ಇಟ್ಟು ಬಿಗಿಯಾಗಿ ತುಂಬಿರಿ. ಸಡಿಲ ಇದ್ದರೆ ಹುಬ್ಬಳ್ಳಿ ಸ್ಟೇಷನ್ನಿನಲ್ಲೇ ಚೂರಾಗುತ್ತವೆ. ಎಣ್ಣೆ ಇರುವ ಉಪ್ಪಿನಕಾಯಿ ಕೈಚೀಲದಲ್ಲಿ ದ್ರವದ ಲೆಕ್ಕಕ್ಕೆ ಬರುತ್ತದೆ, ಚೆಕ್-ಇನ್ ಸಾಮಾನಿನಲ್ಲಿ ಹಾಕಿ.

ಸಾಲ್ಜ್‌ಬರ್ಗ್, ವೆರೋನಾ, ಲೂಸರ್ನ್ ಈ ಮೂರು ಕಡೆ ಅಡುಗೆಮನೆ ಇರುವ ಮನೆಯೇ ಹಿಡಿಯಿರಿ. ಒಲೆ ಬಹಳ ಕಡೆ ಇಂಡಕ್ಷನ್ ಅಥವಾ ಗಾಜಿನ ಕರೆಂಟ್ ಒಲೆ, ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಅಯಸ್ಕಾಂತ ಹತ್ತುವ ತಳದ 3 ಲೀಟರ್ ಸ್ಟೀಲ್ ಕುಕ್ಕರ್ ಸಾಕು. ಇಟಲಿಯ ಎಷ್ಟೋ ಮನೆಗೆ ಮಂಜೂರಾದ ಕರೆಂಟೇ 3 ಕಿಲೋವ್ಯಾಟ್. ಒಲೆ, ಕೆಟಲ್, ವಾಷಿಂಗ್ ಮಶೀನ್ ಒಟ್ಟಿಗೆ ಹಚ್ಚಿದರೆ ಟ್ರಿಪ್ ಆಗುತ್ತದೆ, ಮೀಟರ್ ಕೆಳಗೆ ಬಾಗಿಲ ಹತ್ತಿರ ಇರುತ್ತದೆ. ಒಗ್ಗರಣೆಗೆ ಮೊದಲು ಕಿಟಕಿ ತೆರೆದು, ಮಲಗುವ ಕೋಣೆ ಬಾಗಿಲು ಮುಚ್ಚಿ. ಜರ್ಮನಿಯ ಮನೆಗಳಲ್ಲಿ ಹೊಗೆ ಅಲಾರಂ ಕಡ್ಡಾಯ, ಒಣಮೆಣಸಿನಕಾಯಿ ಹೊಗೆಗೆ ಅದು ಕೂಗದೆ ಬಿಡುವುದಿಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ ಎಲ್ಲಿಯೂ ಹೋಗುವುದಿಲ್ಲ. ಜರ್ಮನಿ-ಆಸ್ಟ್ರಿಯಾಕ್ಕೆ ಒಂದು, ಸ್ವಿಟ್ಜರ್ಲೆಂಡಿಗೆ ಇನ್ನೊಂದು ಆಕಾರದ ಅಡಾಪ್ಟರ್ ಬೇಕು. ಸ್ವಿಸ್ ಸಾಕೆಟ್ ಕಿರಿದಾದ ಆರು ಮೂಲೆಯ ಗುಣಿ, ದಪ್ಪ ದುಂಡು ಪ್ಲಗ್ ಅದರೊಳಗೆ ಇಳಿಯುವುದಿಲ್ಲ.

ಶುದ್ಧ ಸಸ್ಯಾಹಾರಿಗಳಾಗಿದ್ದರೆ ಎರಡು ಮಾತು ನೆನಪಿಡಿ. ಪಾರ್ಮಿಜಾನೊ ಚೀಸನ್ನು ಕರುವಿನ ಜಠರದ ಹೆಪ್ಪಿನಿಂದಲೇ ಮಾಡುತ್ತಾರೆ. ಪಾಸ್ತಾ ಹೇಳುವಾಗ 'ಸೆಂಝಾ ಫೊರ್ಮಾಜೊ' (ಚೀಸ್ ಬೇಡ) ಅನ್ನಿ. ಮಕ್ಕಳ ಮೆತ್ತನೆಯ ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್ ಇರುತ್ತದೆ, ಅದು ಹೆಚ್ಚಾಗಿ ಹಂದಿಯದು. ಪ್ಯಾಕೆಟ್ ಮೇಲೆ ಹಳದಿ-ಹಸಿರು 'ವಿ' ಎಲೆ ಗುರುತು ಹುಡುಕಿ. ಮೊಸರಿಗೆ ಜರ್ಮನ್ ಅಂಗಡಿಯಲ್ಲಿ 'ನಾಟೂರ್‌ಯೋಗುರ್ಟ್' 3.5 ಪ್ರತಿಶತ, ಮೊಸರನ್ನಕ್ಕೆ ಏನೂ ಕೊರತೆ ಇಲ್ಲ. ಇಟಲಿಯ ಅರ್ಬೋರಿಯೊ ಅಕ್ಕಿ ಚಿತ್ರಾನ್ನಕ್ಕೆ ಆಗುವುದಿಲ್ಲ, ಅಂಟುತ್ತದೆ. ಬಾಸ್ಮತಿ ಎಲ್ಲ ಕಡೆ ಇದೆ.

ಭಾನುವಾರ ಜರ್ಮನಿ, ಆಸ್ಟ್ರಿಯಾದಲ್ಲಿ ಅಂಗಡಿ ಬಂದ್. ಆಸ್ಟ್ರಿಯಾದಲ್ಲಿ ಶನಿವಾರ ಸಂಜೆ 6ಕ್ಕೇ ಶಟರ್ ಬೀಳುತ್ತದೆ. ಶನಿವಾರ ಸಾಲ್ಜ್‌ಬರ್ಗ್ ತಲುಪುವ ಹಾಗಿದ್ದರೆ ದಾರಿಯಲ್ಲೇ ಹಾಲು, ತರಕಾರಿ ಹಿಡಿದುಕೊಳ್ಳಿ. ತಪ್ಪಿದರೆ ದೊಡ್ಡ ರೈಲ್ವೆ ನಿಲ್ದಾಣದೊಳಗಿನ ಅಂಗಡಿಯೊಂದೇ ದಾರಿ.

ಇನ್ನೊಂದು, ಸಪ್ತಾಪುರದವರ ಪಟ್ಟಿಯಲ್ಲಿ ವೆರೋನಾ–ಲೂಸರ್ನ್ 420 ಕಿ.ಮೀ. ದಿನ ನನಗೆ ಒಪ್ಪಿಗೆ ಇಲ್ಲ. 72 ವರ್ಷದವರು, 5 ವರ್ಷದ ಹುಡುಗ, ಮಿಲಾನ್ ಸುತ್ತಿನ ಟ್ರಾಫಿಕ್, ಅದರ ಮೇಲೆ ಆಲ್ಪ್ಸ್ ದಾಟುವ ಗೊಟ್ಟಾರ್ಡ್ ಸುರಂಗ. ವೆರೋನಾದ ಒಂದು ರಾತ್ರಿ ತೆಗೆದು ಕೋಮೋ ಸರೋವರದ ಕಡೆ ಹಾಕಿ. ಇಟಲಿಯ ಐದು ರಾತ್ರಿ ಐದೇ ಉಳಿಯುತ್ತದೆ, ವೀಸಾ ಲೆಕ್ಕ ಕೆಡುವುದಿಲ್ಲ.

ಸಪ್ತಾಪುರ_ಭಾವಿ (ಧಾರವಾಡ)

ಬ್ಯಾಡಗಿಯವ್ರು ಹೇಳಿದ್ದು ಖರೆ ಅದ, ಹಂಗ ಮಾಡ್ರಿ. ಆದ್ರ ಕೋಮೋ ದಂಡಿ ಊರುಗಳ ರಸ್ತೆ ಇಕ್ಕಟ್ಟು, ಎರಡು ಮೀಟರ್ ಅಗಲದ ವ್ಯಾನ್ ಬೆಲ್ಲಾಜೊ ಕಡೆ ಒಯ್ಯಬ್ಯಾಡ್ರಿ. ಕೋಮೋ ಊರ ಹೊರಗ ಹೈವೇ ಹತ್ರ ಉಳಕೊಂಡು ದೋಣಿಯೊಳಗ ಸುತ್ತರಿ.

ಗೊಟ್ಟಾರ್ಡ್ ಸುರಂಗ 16.9 ಕಿ.ಮೀ., ಎದುರುಬದುರು ಒಂದೊಂದ ಲೇನ್, ಓವರ್‌ಟೇಕ್ ಇಲ್ಲ. ಬ್ಯಾರೆ ಟೋಲ್ ಇಲ್ಲ, ವಿನ್ಯೆಟಿನಾಗ ಬಂತು. ಒಳಗ ಬಿಸಿ ಇರ್ತದ, ಎಸಿ ಒಳಗಿನ ಗಾಳಿಗೆ ತಿರುಗಿಸ್ರಿ. ರಜಾ ದಿನ ಬಾಯಿ ಮುಂದ ಹತ್ತು ಕಿ.ಮೀ. ಸಾಲು ಹಚ್ಚೂದು ಹೊಸಾದಲ್ಲ. ನೀವು ದಕ್ಷಿಣದಿಂದ ಬರ್ತೀರಿ, ಮುಂಜಾನೆ 8ರೊಳಗ ಸುರಂಗದ ದಕ್ಷಿಣ ಬಾಯಿಯ ಊರು ಆಯ್ರೊಲೊ ದಾಟಿದ್ರ ಸಾಲು ತಪ್ತದ. ಸಾಲು ಭಾಳ ಇದ್ರ ಬೆಲ್ಲಿಂಝೋನಾದಾಗನ ಸ್ವಿಸ್ ಎ13 ಹಿಡದು ಸಾನ್ ಬರ್ನಾರ್ಡಿನೊ ಸುರಂಗದ ಮ್ಯಾಲೆ ಹೋಗ್ರಿ, ದೂರ ಆದ್ರೂ ಓಡ್ತಿರ್ತದ.

ಉಣಕಲ್_ಕೆರಿ (ಹುಬ್ಬಳ್ಳಿ)

ಕೋಮೋ ಪಕ್ಕಾ ಮಾಡಿದ್ವಿ. ಪ್ಯಾರಿಸ್ ಬಿಟ್ಟೀವಿ. ಒಂದ ಕಡೀ ಪ್ರಶ್ನೆ ರೀ ಗದಗಿನವ್ರ: ಗಾಡಿ ಕೈಗೆ ತೊಗೊಳ್ಳೂವಾಗ ಮತ್ತ ಬಿಡೂವಾಗ ಏನೇನ್ ನೋಡಬೇಕು? ಮತ್ತ ಗಡಿಯಾಗ ಪಾಸ್‌ಪೋರ್ಟ್ ಕೇಳತಾರನ?

ಗದಗ_ಬೆಟಗೇರಿ

ತೊಗೊಳ್ಳೂವಾಗ ಗಾಡಿ ಸುತ್ತ ಒಂದ ವಿಡಿಯೋ, ತಡಿಲಾರದಂಗ: ನಾಕೂ ರಿಮ್, ಮುಂದಿನ ಕಾಜು, ಬಂಪರಿನ ತಳ, ಚಾವಣಿ. ಕಡೀಗೆ ಡ್ಯಾಶ್‌ಬೋರ್ಡಿನ ಕಿ.ಮೀ. ಮತ್ತ ಎಣ್ಣಿ ಮುಳ್ಳು. ಅವ್ರ ಚೀಟಿಯಾಗ ಇಲ್ಲದ ಗೀರು ಕಂಡ್ರ ಹೊರಗ ಹೋಗೂ ಮೊದಲ ಬರಸ್ರಿ. ಕರಾರಿನ್ಯಾಗ ಎರಡನೇ ಡ್ರೈವರ್ ಹೆಸರು, ಮತ್ತ ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್, ಲಿಖ್ಟೆನ್‌ಸ್ಟೈನ್‌ಕ್ಕ ಪರವಾನಗಿ ಐತನ ಓದ್ರಿ. ತ್ರಿಕೋನ, ಪ್ರಥಮ ಚಿಕಿತ್ಸಾ ಪೆಟ್ಟಿಗಿ, ಮಿಂಚೂ ಅಂಗಿ (ವೆಸ್ಟ್) ಎಲ್ಲಿ ಅದಾವು ಕೇಳ್ರಿ. ಜರ್ಮನ್ ಗಾಡಿಯಾಗ ಒಂದ ವೆಸ್ಟ್ ಇರತೈತಿ, ಇನ್ನೊಂದು ಕೊಂಡು ಡ್ರೈವರ್ ಸೀಟಿನ ಕೆಳಗ ಇಡ್ರಿ, ಡಿಕ್ಕಿಯಾಗ ಬ್ಯಾಡ. ನಿಲ್ಲಿಸಿದ ಹೊತ್ತು ತೋರಸೂ ನೀಲಿ ಪಾರ್ಕಿಂಗ್ ಡಿಸ್ಕೂ ಇರಬೇಕು. ಅದರ ಮುಳ್ಳು ಮುಂದಿನ ಅರ್ಧ ತಾಸಿಗೆ ಇಡೂದು: 10:10ಕ್ಕ ಬಂದ್ರ 10:30.

ಬಿಡೂವಾಗ ವಿಮಾನ ನಿಲ್ದಾಣದ ಆಸುಪಾಸು ಐದಾರು ಕಿ.ಮೀ. ಒಳಗ ಟ್ಯಾಂಕ್ ತುಂಬಿಸಿ ರಸೀದಿ ಇಟ್ಕೊಳ್ರಿ. ಆಫೀಸ್ ಬಾಗಲಾ ಹಾಕಿದ್ದಾಗ ಕೀಲಿ ಪೆಟ್ಟಿಗಿಯಾಗ ಹಾಕಿ ಹೋಗಬ್ಯಾಡ್ರಿ, ಮನಶ್ಯಾ ಇದ್ದಾಗನ ಕೊಟ್ಟು ಸಹಿ ತೊಗೊಳ್ರಿ. ಅಲ್ಲೂ ಒಂದು ವಿಡಿಯೋ. ಕ್ರೆಡಿಟ್ ಕಾರ್ಡ್ ಮೂರ್ನಾಕು ತಿಂಗಳ ಬಂದ್ ಮಾಡಬ್ಯಾಡ್ರಿ, ಬಿಲ್ ನೋಡಕೋತ ಇರ್ರಿ.

ಗಡಿಯಾಗ ಸಾಮಾನ್ಯ ಯಾರೂ ತಡಿಯೂದಿಲ್ಲ, ಆದ್ರ ಜರ್ಮನಿ 2024ರ ಸೆಪ್ಟೆಂಬರಿಂದ ತನ್ನ ಎಲ್ಲಾ ಭೂಗಡಿಯಾಗ ತಪಾಸಣಿ ಚಾಲೂ ಮಾಡೈತಿ. ನಿಮ್ಮ ದಾರಿಯಾಗ ಅದು ಎರಡು ಸಲ ಬರತೈತಿ: ಸಾಲ್ಜ್‌ಬರ್ಗ್‌ನಿಂದ ಇನ್ಸ್‌ಬ್ರುಕ್‌ಗೆ ಹೋಗೂವಾಗ ಹೈವೇ ಜರ್ಮನಿಯೊಳಗ ಹೊಕ್ಕು ಕುಫ್‌ಸ್ಟೈನ್‌ದಾಗ ಹೊರಗ ಬರತೈತಿ, ಅಲ್ಲಿ ವಾಲ್ಸರ್‌ಬರ್ಗ್ ನಾಕಾ; ಆಮ್ಯಾಲೆ ಕಡೀಗೆ ಲಿಂಡೌ. ಆರೂ ಪಾಸ್‌ಪೋರ್ಟ್ ಒಂದ ಚೀಲದಾಗ ಮುಂದಿನ ಸೀಟಿನ್ಯಾಗ ಇರಲಿ. ವಾಲ್ಸರ್‌ಬರ್ಗ್‌ದಾಗ ವಾರಾಂತ್ಯದ ಮಧ್ಯಾಹ್ನ ಅರ್ಧ-ಮುಕ್ಕಾಲು ತಾಸು ನಿಲ್ಲಬೇಕಾಗಬಹುದು, ಹುಡುಗರ ಬಾಥ್‌ರೂಮ್ ಸಾಲ್ಜ್‌ಬರ್ಗ್‌ದಾಗನ ಮುಗಿಸಿ ಹೊಂಡ್ರಿ.